ಅವ್ವ, ಆಯಿ, ಮುತ್ಯಾ, ಅಪ್ಪಚ್ಚಿ: ಕನ್ನಡ ನಾಡಿನ ನೆಂಟಸ್ತನದ ಮಾತುಗಳು

ವಿಜಯಪುರದ ಕಡೆಯ ಹುಡುಗನೊಬ್ಬ 'ಆಯಿ ಕರೀಲಾಕತ್ತಾಳ' ಎಂದರೆ ಅವನನ್ನು ಕರೆಯುತ್ತಿರುವವಳು ಅಜ್ಜಿ. ಶಿರಸಿ ಸೀಮೆಯ ಹವ್ಯಕರ ಮನೆಯ ಹುಡುಗ 'ಆಯಿ ಕರೀತಾ ಇದ್ದು' ಎಂದರೆ ಕರೆಯುತ್ತಿರುವವಳು ತಾಯಿ. ಬೆಂಗಳೂರು, ಮೈಸೂರುಗಳಲ್ಲಿ 'ಅಮ್ಮ' ಎಂದರೆ ಹೆತ್ತವಳು; ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಹೆತ್ತವಳು 'ಅವ್ವ'ನಾದ್ದರಿಂದ 'ಅಮ್ಮ' ಎಂಬ ಪದ ಒಂದು ತಲೆಮಾರು ಮೇಲಕ್ಕೆ ಹೋಗಿ ಅಜ್ಜಿಗೆ ಸಂದಿದೆ. ಮಂಗಳೂರು, ಉಡುಪಿಗಳ ತುಳು ಮನೆಗೆ ಹೋದರೆ ತಾಯಿ 'ಅಪ್ಪೆ', ತಂದೆ 'ಅಮ್ಮೆ'. ಕನ್ನಡದ ಕಿವಿಗೆ ಇದು ಅದಲುಬದಲಾದಂತೆ ಕೇಳಿಸುತ್ತದೆಯಾದರೂ ಅಲ್ಲಿಯವರಿಗೆ ಅದರಲ್ಲಿ ವಿಶೇಷವೇನೂ ಇಲ್ಲ.

ಇಂಥ ಉದಾಹರಣೆಗಳನ್ನು ನೋಡಿದವರು ನೆಂಟಸ್ತನದ ಆಡುಮಾತುಗಳಿಗೆ ಗೊತ್ತುಗುರಿಯಿಲ್ಲ, ಊರಿಗೊಂದು ಪದ, ಜಾತಿಗೊಂದು ಪದ ಎಂದು ತೀರ್ಮಾನಿಸಿಬಿಡುವುದುಂಟು. ಅದು ಅರ್ಧ ಮಾತ್ರ ನಿಜ. ಪದಗಳು ಬದಲಾಗುತ್ತವೆ, ಆದರೆ ಬಹುಪಾಲು ಕಡೆ ಅವುಗಳ ಕೆಳಗಿರುವ ಲೆಕ್ಕಾಚಾರ ಬದಲಾಗುವುದಿಲ್ಲ. ಆ ಲೆಕ್ಕಾಚಾರಕ್ಕೆ ನಮ್ಮಲ್ಲಿ 'ವರಸೆ' ಎಂಬ ಹೆಸರಿದೆ. ಪ್ರಾದೇಶಿಕ ವ್ಯತ್ಯಾಸಗಳಲ್ಲಿ ಎರಡು ಬಗೆಯಿವೆ ಎಂಬುದನ್ನು ಗಮನಿಸಿದರೆ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ. ಕೆಲವು ಪದಗಳು ಒಂದೇ ಸ್ಥಾನದಲ್ಲಿರುವ ನೆಂಟನಿಗೆ ಇಟ್ಟ ಬೇರೆ ಬೇರೆ ಹೆಸರುಗಳು. ಇನ್ನು ಕೆಲವು ಪದಗಳು ಸ್ಥಾನಗಳನ್ನೇ ಬೇರೆ ರೀತಿಯಲ್ಲಿ ವಿಂಗಡಿಸುತ್ತವೆ. ಎರಡನೆಯ ಬಗೆಯೇ ಹೆಚ್ಚು ಕುತೂಹಲಕರ, ಆದರೆ ಅದನ್ನು ಗುರುತಿಸಲು ಮೊದಲು ವರಸೆ ಹೇಗೆ ನಡೆಯುತ್ತದೆ ಎಂಬುದು ತಿಳಿದಿರಬೇಕು.

ವರಸೆಯ ಲೆಕ್ಕ

ಮದುವೆಮನೆಯ ಊಟದ ಪಂಕ್ತಿಯಲ್ಲಿ ಅಪರಿಚಿತ ಹುಡುಗನನ್ನು ಕಂಡ ಹಿರಿಯರು 'ಯಾರ ಮಗನಪ್ಪಾ ನೀನು?' ಎಂದು ಕೇಳುತ್ತಾರೆ. ಅವನು ತಂದೆಯ ಹೆಸರು ಹೇಳಿದ ಮೇಲೆ ಪಕ್ಕದಲ್ಲಿದ್ದವರತ್ತ ತಿರುಗಿ 'ಹಾಗಾದರೆ ಇವನು ನಮಗೆ ಏನಾಗಬೇಕು?' ಎನ್ನುತ್ತಾರೆ. ಸಂಬಂಧವನ್ನು 'ಆಗಬೇಕು' ಎಂಬ ಕ್ರಿಯಾಪದದಿಂದ ಹೇಳುವುದು ಕನ್ನಡದ ರೂಢಿ: 'ಅವರು ನನಗೆ ಮಾವ ಆಗಬೇಕು', 'ಇವಳು ನಿನಗೆ ಅಕ್ಕ ಆಗಬೇಕು'. ಆ ವ್ಯಕ್ತಿಯನ್ನು ಹಿಂದೆಂದೂ ನೋಡಿರದಿದ್ದರೂ ಕರೆಯಬೇಕಾದ ಪದ ಮೊದಲೇ ನಿಗದಿಯಾಗಿರುತ್ತದೆ, ಲೆಕ್ಕ ಹಾಕಿ ಅದನ್ನು ಕಂಡುಕೊಂಡರಾಯಿತು.

ಲೆಕ್ಕದ ಮೊದಲ ಸೂತ್ರ ಹೀಗಿದೆ: ಒಂದೇ ಲಿಂಗದ ಒಡಹುಟ್ಟಿದವರು ಮಕ್ಕಳ ಪಾಲಿಗೆ ಒಂದೇ ಸಮ. ತಂದೆಯ ಅಣ್ಣತಮ್ಮಂದಿರೂ ತಂದೆಯರೇ, ತಾಯಿಯ ಅಕ್ಕತಂಗಿಯರೂ ತಾಯಂದಿರೇ. ವಯಸ್ಸಿನ ವ್ಯತ್ಯಾಸ ತಿಳಿಸಲು 'ದೊಡ್ಡ', 'ಚಿಕ್ಕ' ಎಂಬ ವಿಶೇಷಣ ಹತ್ತಿಕೊಳ್ಳುತ್ತದೆ. ಹೀಗಾಗಿ ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ. ಚಿಕ್ಕಪ್ಪನ ಹೆಂಡತಿ ಚಿಕ್ಕಮ್ಮ, ತಾಯಿಯ ತಂಗಿಯೂ ಚಿಕ್ಕಮ್ಮ. ಒಬ್ಬಳು ತಂದೆಯ ಕಡೆಯವಳು, ಇನ್ನೊಬ್ಬಳು ತಾಯಿಯ ಕಡೆಯವಳು ಎಂಬುದನ್ನು ಪದ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಇವರ ಮಕ್ಕಳೆಲ್ಲ ಅಣ್ಣ, ತಮ್ಮ, ಅಕ್ಕ, ತಂಗಿಯರು. ಅವರಿಗಾಗಿ ಕನ್ನಡದಲ್ಲಿ ಬೇರೆ ಪದವೇ ಹುಟ್ಟಲಿಲ್ಲ.

ಎರಡನೆಯ ಸೂತ್ರ ಮೊದಲನೆಯದರ ತಿರುವು. ತಂದೆಯ ಅಕ್ಕತಂಗಿಯರು ತಾಯಂದಿರಲ್ಲ, ಅತ್ತೆಯರು. ತಾಯಿಯ ಅಣ್ಣತಮ್ಮಂದಿರು ತಂದೆಯರಲ್ಲ, ಮಾವಂದಿರು. ಅತ್ತೆಯ ಗಂಡ ಮಾವ, ಮಾವನ ಹೆಂಡತಿ ಅತ್ತೆ. ಅವರ ಮಕ್ಕಳು ಒಡಹುಟ್ಟಿದವರ ಸಾಲಿಗೆ ಸೇರದೆ, ತಮಗಿಂತ ಹಿರಿಯರಾದರೆ ಭಾವ, ಅತ್ತಿಗೆಯರೂ ಕಿರಿಯರಾದರೆ ಮೈದುನ, ನಾದಿನಿಯರೂ ಆಗುತ್ತಾರೆ. ಕೆಳಗಿನ ತಲೆಮಾರಿಗೂ ಇದೇ ನಿಯಮ. ಗಂಡಸಿಗೆ ಅಣ್ಣತಮ್ಮಂದಿರ ಮಕ್ಕಳು ಮಗ, ಮಗಳು; ಅಕ್ಕತಂಗಿಯರ ಮಕ್ಕಳು ಅಳಿಯ, ಸೊಸೆ. ಹೆಂಗಸಿಗೆ ಇದು ತಿರುಗುಮುರುಗು: ಅಕ್ಕತಂಗಿಯರ ಮಕ್ಕಳು ಮಗ, ಮಗಳು; ಅಣ್ಣತಮ್ಮಂದಿರ ಮಕ್ಕಳು ಅಳಿಯ, ಸೊಸೆ.

ಈ ಎರಡು ಸೂತ್ರಗಳಿದ್ದರೆ ಎಷ್ಟು ದೂರದ ನೆಂಟನನ್ನಾದರೂ ಎಳೆದು ಹತ್ತಿರಕ್ಕೆ ತರಬಹುದು. ನಿಮ್ಮ ತಾಯಿಯ ತಾಯಿಗೆ ಒಬ್ಬ ತಂಗಿ ಇದ್ದಾಳೆ, ಆಕೆಗೆ ಒಬ್ಬ ಮಗ ಇದ್ದಾನೆ ಎಂದುಕೊಳ್ಳಿ. ಆ ತಂಗಿ ನಿಮ್ಮ ತಾಯಿಗೆ ಚಿಕ್ಕಮ್ಮ. ಚಿಕ್ಕಮ್ಮನ ಮಗ ನಿಮ್ಮ ತಾಯಿಗೆ ಅಣ್ಣನೋ ತಮ್ಮನೋ ಆಗುತ್ತಾನೆ. ತಾಯಿಯ ತಮ್ಮ ನಿಮಗೆ ಮಾವ. ಅವನ ಮಗ ನಿಮಗೆ ಭಾವ ಅಥವಾ ಮೈದುನ. ಅದೇ ಚಿಕ್ಕಜ್ಜಿಗೆ ಮಗನ ಬದಲು ಮಗಳಿದ್ದರೆ ಆಕೆ ನಿಮಗೆ ಚಿಕ್ಕಮ್ಮ, ಆಕೆಯ ಮಗ ನಿಮಗೆ ತಮ್ಮ. ವಂಶವೃಕ್ಷದಲ್ಲಿ ಇವರಿಬ್ಬರೂ ನಿಮ್ಮಿಂದ ಒಂದೇ ಅಂತರದಲ್ಲಿದ್ದಾರೆ, ಆದರೆ ಒಬ್ಬನ ಮನೆಯಿಂದ ಹೆಣ್ಣು ತರಬಹುದು, ಇನ್ನೊಬ್ಬನ ಮನೆಯಿಂದ ತರುವ ಮಾತನ್ನೂ ಎತ್ತುವಂತಿಲ್ಲ.

ಲೆಕ್ಕಾಚಾರದ ಗುಟ್ಟು ಇರುವುದು ಇಲ್ಲಿಯೇ. ವರಸೆ ಎಂಬುದು ಮದುವೆಯ ನಕ್ಷೆ. ದಕ್ಷಿಣದಲ್ಲಿ ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾಗುವ ಪದ್ಧತಿ ಬಹಳ ಹಳೆಯದು. ಬೌಧಾಯನ ಧರ್ಮಸೂತ್ರವೇ ಇದನ್ನು ದಕ್ಷಿಣದವರ ವಿಶಿಷ್ಟ ಆಚಾರಗಳಲ್ಲಿ ಒಂದೆಂದು ಹೆಸರಿಸುತ್ತದೆ. ಹುಟ್ಟಿನಿಂದಲೇ ಅತ್ತೆಯಾದವಳು ಮದುವೆಯ ನಂತರವೂ ಅತ್ತೆಯಾಗಬಹುದಾದ್ದರಿಂದ ಎರಡಕ್ಕೂ ಒಂದೇ ಪದ ಸಾಕಾಯಿತು. ಮಾವ, ಅಳಿಯ, ಸೊಸೆ ಪದಗಳೂ ಹಾಗೆಯೇ ಎರಡೆರಡು ಕೆಲಸ ಮಾಡುತ್ತವೆ. 1871ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ಜಗತ್ತಿನ ಹಲವು ಜನಾಂಗಗಳ ಬಂಧುವಾಚಕಗಳನ್ನು ಕೋಷ್ಟಕ ಮಾಡಿ ಪ್ರಕಟಿಸಿದಾಗ ಅದರಲ್ಲಿ ತಮಿಳು, ತೆಲುಗುಗಳೊಂದಿಗೆ ಕನ್ನಡವೂ ಇತ್ತು. ಈ ಮೂರೂ ಭಾಷೆಗಳು ಪದಗಳಲ್ಲಿ ಬೇರೆಯಾದರೂ ವಿಂಗಡಣೆಯಲ್ಲಿ ಒಂದೇ ಎಂಬುದು ಆಗಲೇ ಕಂಡಿತ್ತು. ಇಂದಿಗೂ ಆ ಶಾಸ್ತ್ರದಲ್ಲಿ ಇದನ್ನು ದ್ರಾವಿಡ ಮಾದರಿ ಎಂದೇ ಕರೆಯುತ್ತಾರೆ.

ಭಾವ, ಮೈದುನರ ನಡುವೆ ಹಾಸ್ಯಕ್ಕೆ ಸಲಿಗೆಯಿರುವುದೂ ಈ ನಕ್ಷೆಯ ಫಲವೇ. ಅಣ್ಣನೊಂದಿಗೆ ಆಡಲಾಗದ ಮಾತನ್ನು ಭಾವನೊಂದಿಗೆ ಆಡಬಹುದು. ಕುಮಾರವ್ಯಾಸನಲ್ಲಿ ಕೃಷ್ಣನು ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವಾಗ ಕವಿ ಬಳಸುವ ಮಾತು 'ಮೈದುನತನದ ಸರಸ'. ಕುಂತಿ ಕೃಷ್ಣನ ಸೋದರತ್ತೆ. ಆಕೆಯ ಮಗನ ಮೇಲೆ ಮಾತ್ರ ಸಲ್ಲುವ ಸಲಿಗೆ ಅದು. ಕರ್ಣನ ಹುಟ್ಟಿನ ಗುಟ್ಟು ಬಯಲಾಗುವ ಮೊದಲೇ ನೆಂಟಸ್ತನದ ಒಂದು ಪದ ಅದನ್ನು ಸೂಚಿಸಿಬಿಡುತ್ತದೆ. ಇಂದು 'ಭಾವ' ಎಂದು ಮಹಾಪ್ರಾಣ ಹಾಕಿ ಬರೆಯುವ ಪದವನ್ನು ಆಡುಮಾತಿನಲ್ಲಿ ಎಲ್ಲರೂ 'ಬಾವ' ಎಂದೇ ಅನ್ನುತ್ತಾರೆ. ಮಂಡ್ಯ, ಮೈಸೂರುಗಳ ಹಳ್ಳಿಗಳಲ್ಲಿ ಮೈದುನ ಸವೆದು 'ಮೈದ' ಆಗಿದ್ದಾನೆ, ಜೋಡುಪದವಾದರೆ 'ಬಾಮೈದ'.

ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿಯಿರುವ ಮನೆಗಳಲ್ಲಿ ಲೆಕ್ಕ ಇನ್ನಷ್ಟು ಸಿಕ್ಕಾಗುತ್ತದೆ. ಮದುವೆಯಾದ ದಿನ ಗಂಡನಿಗೆ ಅಕ್ಕನೇ ಅತ್ತೆ. ಹೆಂಡತಿಗೆ ಅಜ್ಜಿಯೇ ಅತ್ತೆ. ಮುಂದೆ ಹುಟ್ಟುವ ಮಗುವಿಗೆ ಆ ಅಕ್ಕ ತಾಯಿಯ ಕಡೆಯಿಂದ ಅಜ್ಜಿ, ತಂದೆಯ ಕಡೆಯಿಂದ ಸೋದರತ್ತೆ. ವ್ಯವಹಾರದಲ್ಲಿ ಇದಕ್ಕೆಲ್ಲ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಗಂಡ ಸಾಯುವವರೆಗೂ ಅವಳನ್ನು 'ಅಕ್ಕ' ಎಂದೇ ಕರೆಯುತ್ತಾನೆ, ಮಗು 'ಅಜ್ಜಿ' ಎನ್ನುತ್ತದೆ. ಮೊದಲು ಬಾಯಿಗೆ ರೂಢಿಯಾದ ಪದ ಅಥವಾ ಹಿರಿತನ ಸೂಚಿಸುವ ಪದ ಉಳಿಯುತ್ತದೆ, ಇನ್ನೊಂದು ಬಿಟ್ಟುಹೋಗುತ್ತದೆ.

ಕಾನೂನಿನ ಭಾಷೆಗೆ ಈ ನಕ್ಷೆ ಒಗ್ಗಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಇಬ್ಬರು ಸೋದರರ ಮಕ್ಕಳು, ಇಬ್ಬರು ಸೋದರಿಯರ ಮಕ್ಕಳು, ಒಬ್ಬ ಸೋದರ ಮತ್ತು ಒಬ್ಬ ಸೋದರಿಯ ಮಕ್ಕಳು ಎಲ್ಲರೂ ಒಂದೇ ಸಾಲಿನಲ್ಲಿ ಬರುತ್ತಾರೆ. ಸೋದರಮಾವ ಮತ್ತು ಸೊಸೆಯ ಸಂಬಂಧವೂ ಅಲ್ಲಿಯೇ ಇದೆ. ದಕ್ಷಿಣದ ಮದುವೆಗಳು ಊರ್ಜಿತವಾಗುವುದು ಅದೇ ಕಾಯಿದೆ ರೂಢಿ ಸಂಪ್ರದಾಯಕ್ಕೆ ಕೊಟ್ಟಿರುವ ವಿನಾಯಿತಿಯಿಂದ. ಕನ್ನಡ ಕಟ್ಟುನಿಟ್ಟಾಗಿ ಎರಡು ಪಾಲು ಮಾಡಿದ ನೆಂಟರನ್ನು ಕಾಯಿದೆ ಒಂದೇ ಗುಂಪಾಗಿ ಕಾಣುತ್ತದೆ.

ಹೆತ್ತವರು, ಹಿರಿಯರು

ಈಗ ಪ್ರಾದೇಶಿಕ ಪದಗಳತ್ತ ಬರಬಹುದು. ಅತಿ ಹೆಚ್ಚು ವೈವಿಧ್ಯ ಕಾಣುವುದು ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರುಗಳಲ್ಲಿ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಈ ಸ್ಥಾನಗಳಲ್ಲಿ ಹೆಸರು ಬದಲಾದರೂ ವರಸೆಗೆ ಧಕ್ಕೆಯಿಲ್ಲ. ಮಗು ಮೊದಲು ಕಲಿಯುವ ಪದಗಳೂ ಇವೇ ಆದ್ದರಿಂದ ಮನೆಮನೆಯ ರೂಢಿ ಹಾಗೆಯೇ ಉಳಿದುಕೊಳ್ಳುತ್ತದೆ.

ತಾಯಿಗೆ 'ಅವ್ವ' ಎನ್ನುವುದು ಉತ್ತರ ಕರ್ನಾಟಕದ ಗುರುತು ಎಂಬ ಭಾವನೆ ನಗರದವರಲ್ಲಿದೆ. ವಾಸ್ತವದಲ್ಲಿ ಮಂಡ್ಯ, ಹಾಸನ, ತುಮಕೂರುಗಳ ಹಳ್ಳಿಗಳಲ್ಲಿಯೂ 'ಅವ್ವ' ಬಳಕೆಯಲ್ಲಿದೆ, ಚಿತ್ರದುರ್ಗದ ಒನಕೆ ಓಬವ್ವನ ಹೆಸರಿನಲ್ಲಿಯೂ ಅದೇ ಇದೆ. 'ಅಮ್ಮ' ಶಾಲೆ, ಪೇಟೆಗಳ ಮೂಲಕ ಹಬ್ಬಿ ಎರಡೂ ಕಡೆ ಅದನ್ನು ಹಿಂದಕ್ಕೆ ತಳ್ಳುತ್ತಿದೆ. ಇವೆರಡರ ಜೊತೆಗೆ ಇರುವ ಇನ್ನೊಂದು ಹಳೆಯ ಪದ 'ಅಬ್ಬೆ'. 10ನೇ ಶತಮಾನದಲ್ಲಿ ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿರುವುದು ಈ ಪದವೇ. ನಡುನಾಡಿನ ಕನ್ನಡದಿಂದ ಅದು ಮರೆಯಾದರೂ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕ ಮನೆಗಳಲ್ಲಿ ತಾಯಿಯನ್ನು ಇಂದಿಗೂ 'ಅಬ್ಬೆ' ಎನ್ನುತ್ತಾರೆ. ಕುಂದಾಪುರದ ಕಡೆ ಅದೇ 'ಅಬ್ಬಿ'; ಕುಂದಗನ್ನಡವನ್ನು ಅಲ್ಲಿಯವರು 'ಅಬ್ಬಿ ಭಾಷಿ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದರಿಂದ. ಸಾಹಿತ್ಯದಲ್ಲಿ ಮಾತ್ರ ಸಿಗುತ್ತದೆಂದುಕೊಂಡ ಪದವೊಂದು ಮಗುವಿನ ಬಾಯಲ್ಲಿ ಹೀಗೆ ಜೀವಂತವಾಗಿರುವುದು ಭಾಷಾಭ್ಯಾಸಿಗಳಿಗೆ ಅಪರೂಪದ ಲಾಭ.

ತಂದೆಗೆ 'ಅಪ್ಪ' ಸಾರ್ವತ್ರಿಕ. ಕುಂದಾಪುರ, ಶಿವಮೊಗ್ಗಗಳ ಕಡೆ 'ಅಪ್ಪಯ್ಯ' ಎಂಬ ರೂಪವೂ ಇದೆ. ಹಳೆಯ ಮೈಸೂರಿನ ಕೆಲವು ಮನೆತನಗಳಲ್ಲಿ ಮಕ್ಕಳು ತಂದೆಯನ್ನು 'ಅಣ್ಣ' ಎನ್ನುತ್ತಿದ್ದರು. ಕೂಡುಕುಟುಂಬದಲ್ಲಿ ಚಿಕ್ಕಪ್ಪಂದಿರು ಮನೆಯ ಹಿರಿಯನನ್ನು ಅಣ್ಣ ಎನ್ನುವುದನ್ನು ಕೇಳುತ್ತ ಬೆಳೆದ ಮಗುವೂ ಹಾಗೆಯೇ ಕರೆದು, ಯಾರೂ ತಿದ್ದದೆ, ಅದೇ ರೂಢಿಯಾಗುವುದು ಸಹಜ. ಇಂಥ ಮನೆಗಳಲ್ಲಿ 'ಅಣ್ಣ ಬಂದರು' ಎಂದರೆ ಬಂದವರು ಯಾರು ಎಂಬುದು ಹೊರಗಿನವರಿಗೆ ತಿಳಿಯದು.

ಅಜ್ಜನ ವಿಷಯದಲ್ಲಿ ನಾಡು ಸ್ಥೂಲವಾಗಿ ಎರಡು ಭಾಗವಾಗುತ್ತದೆ. ಬೆಂಗಳೂರು, ಕೋಲಾರ, ತುಮಕೂರು, ಮೈಸೂರುಗಳ ಕಡೆ 'ತಾತ' ಹೆಚ್ಚು. ಈ ಪದ ನೆರೆಯ ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಇದೆ. ಮಲೆನಾಡು, ಕರಾವಳಿ, ಉತ್ತರ ಕರ್ನಾಟಕಗಳಲ್ಲಿ 'ಅಜ್ಜ' ಹೆಚ್ಚು. ಸಂಸ್ಕೃತದ 'ಆರ್ಯ' ಪದದ ತದ್ಭವವೆಂದು ಇದನ್ನು ಶಾಲೆಯ ವ್ಯಾಕರಣದಲ್ಲಿ ಕಲಿಸುತ್ತಾರೆ. ಕಲಬುರಗಿ, ವಿಜಯಪುರ, ಬಾಗಲಕೋಟೆಗಳಲ್ಲಿ ಅಜ್ಜ 'ಮುತ್ಯಾ'. ಮೈಸೂರಿನವರಿಗೆ 'ಮುತ್ತಾತ', 'ಮುತ್ತಜ್ಜ' ಎಂದರೆ ಅಜ್ಜನ ತಂದೆಯಾದ್ದರಿಂದ, ಕಲಬುರಗಿಯ ಗೆಳೆಯ 'ನಮ್ಮ ಮುತ್ಯಾ ಹೊಲಕ್ಕ ಹೋಗ್ಯಾನ' ಎಂದಾಗ ಅವನ ಮುತ್ತಾತ ಇನ್ನೂ ಹೊಲ ಗೇಯುತ್ತಾನೆಂದು ತಿಳಿದು ಬೆರಗಾಗುವ ಸಾಧ್ಯತೆಯಿದೆ. ಕರಾವಳಿಯಲ್ಲಿ ಅಜ್ಜನ ತಂದೆಗೆ 'ಪಿಜ್ಜ' ಎಂಬ ಪದವಿದೆ. ಮೊಮ್ಮಗುವಿಗೆ ಅಲ್ಲಿನ ತುಳುವರೂ ಹವ್ಯಕರೂ 'ಪುಳ್ಳಿ' ಎನ್ನುತ್ತಾರೆ. ಗಂಡು, ಹೆಣ್ಣು ಎರಡಕ್ಕೂ ಒಂದೇ ಪದ ಸಲ್ಲುತ್ತದೆ. ಹವ್ಯಕರ 'ಮಾಣಿ' ಹುಡುಗ, 'ಕೂಸು' ಹುಡುಗಿ. ಆದರೆ ಧಾರವಾಡದ ಕಡೆ ಕೂಸು ಎಂದರೆ ಗಂಡೋ ಹೆಣ್ಣೋ ಯಾವುದಾದರೂ ಆಗಬಹುದಾದ ಎಳೆಯ ಮಗು.

ವಿಂಗಡಣೆಯೇ ಬದಲಾಗುವ ಕಡೆ

ದೊಡ್ಡಪ್ಪ, ಚಿಕ್ಕಮ್ಮಂದಿರ ಪದಗಳೂ ಮೇಲ್ನೋಟಕ್ಕೆ ಹೀಗೆಯೇ ಬದಲಾಗುತ್ತವೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ದೊಡ್ಡಯ್ಯ, ಚಿಕ್ಕಯ್ಯ, ಚಿಕ್ಕವ್ವ. ಉತ್ತರದಲ್ಲಿ ದೊಡ್ಡವ್ವ, ಸಣ್ಣಪ್ಪ, ಸಣ್ಣವ್ವ, ಚಿಗವ್ವ. ದಕ್ಷಿಣ ಕನ್ನಡದ ಹವ್ಯಕರಲ್ಲಿ ಚಿಕ್ಕಪ್ಪ 'ಅಪ್ಪಚ್ಚಿ'. ಇವೆಲ್ಲ ಹೆಸರಿನ ವ್ಯತ್ಯಾಸಗಳು. ಅಪ್ಪಚ್ಚಿ ಎಂದರೂ ಸಣ್ಣಪ್ಪ ಎಂದರೂ ಅವನು ಕಿರಿಯ ಅಪ್ಪನೇ. ಧಾರವಾಡದ ಕಡೆ ಪದಾಂತ್ಯದ ಎಕಾರ ಇಕಾರವಾಗುವುದರಿಂದ ಅತ್ತೆ 'ಅತ್ತಿ'ಯಾಗಿ, ಸೊಸೆ 'ಸೊಸಿ'ಯಾಗಿ, ಅತ್ತಿಗೆ 'ಅತ್ತಿಗಿ'ಯಾಗಿ ಕೇಳಿಸುವುದೂ ಉಚ್ಚಾರದ ಮಾತಷ್ಟೇ.

ಆದರೆ ಬೆಳಗಾವಿ, ಧಾರವಾಡ, ವಿಜಯಪುರಗಳಲ್ಲಿ ಮರಾಠಿಯಿಂದ ಬಂದ ಪದಗಳ ಕಥೆ ಬೇರೆ. ಅಲ್ಲಿ ಅನೇಕ ಮನೆಗಳಲ್ಲಿ ತಂದೆಯ ತಮ್ಮ 'ಕಾಕಾ', ಅವನ ಹೆಂಡತಿ 'ಕಾಕು', ತಾಯಿಯ ತಂಗಿ 'ಮಾವಶಿ' ಅಥವಾ 'ಮೌಶಿ', ಅಣ್ಣನ ಹೆಂಡತಿ 'ವೈನಿ'. ಮೈಸೂರಿನ ಮಗು ಚಿಕ್ಕಪ್ಪನ ಹೆಂಡತಿ, ತಾಯಿಯ ತಂಗಿ ಇಬ್ಬರನ್ನೂ 'ಚಿಕ್ಕಮ್ಮ' ಎಂದು ಒಂದೇ ಪದದಿಂದ ಕರೆದರೆ, ಬೆಳಗಾವಿಯ ಮಗು ಒಬ್ಬಳನ್ನು ಕಾಕು, ಇನ್ನೊಬ್ಬಳನ್ನು ಮಾವಶಿ ಎನ್ನುತ್ತದೆ. ತಂದೆಯ ಕಡೆಯವರು ಯಾರು, ತಾಯಿಯ ಕಡೆಯವರು ಯಾರು ಎಂಬುದನ್ನು ಬೇರ್ಪಡಿಸುವುದು ಉತ್ತರ ಭಾರತದ ಭಾಷೆಗಳ ಕ್ರಮ. ಕನ್ನಡದ ಚೌಕಟ್ಟು ಕೇಳದ ಪ್ರಶ್ನೆಯೊಂದನ್ನು ಈ ಎರವಲು ಪದಗಳು ಕೇಳುತ್ತವೆ. 'ವೈನಿ'ಯೂ ಹಾಗೆಯೇ: ಕನ್ನಡದ 'ಅತ್ತಿಗೆ'ಯಲ್ಲಿ ಅಣ್ಣನ ಹೆಂಡತಿ, ಗಂಡನ ಅಕ್ಕ, ಹೆಂಡತಿಯ ಅಕ್ಕ ಮತ್ತು ಹಿರಿಯಳಾದ ಸೋದರಮಾವನ ಮಗಳು ಎಲ್ಲರೂ ಸೇರಿಕೊಳ್ಳುತ್ತಾರೆ, ವೈನಿ ಅವರಲ್ಲಿ ಮೊದಲನೆಯವಳನ್ನು ಹೆಕ್ಕಿ ಹೊರಗಿಡುತ್ತದೆ.

ಹಾಗಿದ್ದರೂ ಆ ಭಾಗದಲ್ಲಿ ಸೋದರಿಕೆಯ ಮದುವೆ ನಿಲ್ಲಲಿಲ್ಲ, ಅತ್ತೆ, ಮಾವ, ಅಳಿಯ, ಸೊಸೆ ಪದಗಳು ಹೋಗಲಿಲ್ಲ. ಮಾವ 'ಮಾಮಾ' ಆದನೇ ಹೊರತು ಅವನ ಸ್ಥಾನ ಕದಲಲಿಲ್ಲ. ಮದುವೆಯ ಲೆಕ್ಕಕ್ಕೆ ಬೇಕಾದ ಗೆರೆಯನ್ನು ಉಳಿಸಿಕೊಂಡು, ಅದರ ಒಳಗೆ ಹೊಸದೊಂದು ಗೆರೆಯನ್ನು ಎಳೆದುಕೊಂಡ ಈ ಮಿಶ್ರಣ ಗಡಿನಾಡಿನ ಜಾಣತನವೆಂದು ನನಗೆ ಅನ್ನಿಸುತ್ತದೆ. ರಾಜ್ಯದ ಮುಸ್ಲಿಂ ಕುಟುಂಬಗಳು ಆಡುವ ದಖ್ಖನಿ ಉರ್ದುವಿನಲ್ಲಿಯೂ ತಾಯಿಯ ಸೋದರಿ ಖಾಲಾ, ತಂದೆಯ ತಮ್ಮ ಚಾಚಾ, ತಾಯಿಯ ಸೋದರ ಮಾಮೂ ಎಂದು ಎರಡು ಕಡೆಗಳ ಪ್ರತ್ಯೇಕತೆ ಸ್ಪಷ್ಟವಾಗಿದೆ.

ತುಳುನಾಡಿನಲ್ಲಿ ತೂಕ ಬೇರೆಡೆಗೆ ವಾಲುತ್ತದೆ. ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿದ್ದ 'ಅಳಿಯಸಂತಾನ' ಕಟ್ಟಿನಲ್ಲಿ ವಂಶವೂ ಆಸ್ತಿಯೂ ತಾಯಿಯ ಸಾಲಿನಲ್ಲಿ ಹರಿಯುತ್ತಿದ್ದವು. ಈ ಹೆಸರನ್ನು ಕೇಳಿದ ಘಟ್ಟದ ಮೇಲಿನವರು ಮಗಳ ಗಂಡನಿಗೆ ಆಸ್ತಿ ಹೋಗುತ್ತದೆಂದು ಭಾವಿಸುವುದುಂಟು. ಇಲ್ಲಿ ಅಳಿಯ ಎಂದರೆ ಸೋದರಿಯ ಮಗ. ತಾಯಿಯ ಅಣ್ಣ, ಅಂದರೆ ತುಳುವಿನ 'ತಮ್ಮಲೆ', ಮನೆಯ ಯಜಮಾನಿಕೆ ನಡೆಸುತ್ತಿದ್ದ; ಅವನ ನಂತರ ಅದು ಸಲ್ಲುತ್ತಿದ್ದುದು ಅವನ ಮಕ್ಕಳಿಗಲ್ಲ, ಅವನ ಸೋದರಿಯ ಮಕ್ಕಳಿಗೆ. ಅವನ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲಿನ ಹಕ್ಕನ್ನು ಕ್ರಮಬದ್ಧಗೊಳಿಸಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಆಸ್ತಿಯ ಹಂಚಿಕೆ ಬದಲಾಯಿತು. ಆದರೂ ಮದುವೆಯ ಮಾತುಕತೆಯಲ್ಲಿ ತಾಯಿಯಿಂದ ಬಂದ 'ಬರಿ', ಅಂದರೆ ಕುಲ, ಯಾವುದೆಂದು ಕೇಳುವುದು ಉಳಿದುಬಂದಿದೆ. ಅಳಿಯ ಎಂಬ ಪದ ಒಂದೇ, ಅದರ ಎರಡು ಅರ್ಥಗಳಲ್ಲಿ ಯಾವುದಕ್ಕೆ ಆಸ್ತಿ ಅಂಟಿಕೊಂಡಿತ್ತು ಎಂಬುದು ಊರಿನ ಮೇಲೆ ಹೋಗುತ್ತಿತ್ತು.

ಮದುವೆಯಿಂದ ಬಂದವರು

ಮದುವೆಯಿಂದ ಹುಟ್ಟುವ ಕೆಲವು ಸಂಬಂಧಗಳಿಗೆ ಕನ್ನಡದಲ್ಲಿರುವಷ್ಟು ಚೊಕ್ಕ ಪದಗಳು ಅನೇಕ ಭಾಷೆಗಳಲ್ಲಿಲ್ಲ. ಅಣ್ಣತಮ್ಮಂದಿರ ಹೆಂಡಿರು ಒಬ್ಬರಿಗೊಬ್ಬರು ಓರಗಿತ್ತಿಯರು, ಆಡುಮಾತಿನಲ್ಲಿ 'ವಾರಗಿತ್ತಿ'. ಉತ್ತರ ಕರ್ನಾಟಕದ ಜನಪದ ಹಾಡುಗಳಲ್ಲಿ ಬರುವ 'ನೆಗೆಣ್ಣಿ'ಯೂ ಅವಳೇ. ಅಕ್ಕತಂಗಿಯರ ಗಂಡಂದಿರು ಷಡ್ಡಕರು, ಬಾಯಿಮಾತಿನಲ್ಲಿ 'ಸಡ್ಡಕ'. ಮಕ್ಕಳನ್ನು ಕೊಟ್ಟು ತಂದ ಎರಡು ಮನೆಗಳ ಹಿರಿಯರು ಬೀಗರು; ಹೆಂಗಸಾದರೆ ಬೀಗಿತ್ತಿ ಅಥವಾ ಬೀಗತಿ. ಮೈಸೂರು ಸೀಮೆಯಲ್ಲಿ ಮದುವೆಯ ಮರುದಿನವೋ ಅನಂತರವೋ ನಡೆಯುವ 'ಬೀಗರ ಊಟ'ಕ್ಕೆ ಮದುವೆಯಷ್ಟೇ ಮಹತ್ವವಿದೆ. ಉತ್ತರದಲ್ಲಿ ಬೀಗ ಪದದ ವ್ಯಾಪ್ತಿ ಹಿಗ್ಗಿ, ಹೆಣ್ಣು ಕೊಟ್ಟು ತಂದ ಮನೆತನದ ಯಾರಾದರೂ ಬೀಗರೇ ಆಗುತ್ತಾರೆ.

ಈ ಪದಗಳಲ್ಲಿ ಬಹುಪಾಲು ಹೇಳಿಕೊಳ್ಳಲು ಮಾತ್ರ, ಕರೆಯಲು ಅಲ್ಲ. 'ಅವಳು ನನ್ನ ಓರಗಿತ್ತಿ' ಎನ್ನಬಹುದು, ಆದರೆ 'ಓರಗಿತ್ತೀ, ಬಾ ಇಲ್ಲಿ' ಎಂದು ಯಾರೂ ಕರೆಯುವುದಿಲ್ಲ. ಹಿರಿಯಳಾದರೆ 'ಅಕ್ಕ' ಎನ್ನುತ್ತಾರೆ, ಕಿರಿಯಳಾದರೆ ಹೆಸರು ಹಿಡಿಯುತ್ತಾರೆ. ನಾದಿನಿ, ಸೊಸೆ, ಮೈದುನರಿಗೂ ಇದೇ ಪಾಡು. ಕರೆಯುವ ಪದಗಳೆಲ್ಲ ಸಾಮಾನ್ಯವಾಗಿ ಹಿರಿಯರ ಕಡೆಗೆ ಹೋಗುವಂಥವು; ಕಿರಿಯರಿಗೆ ಹೆಸರೇ ಸಾಕು. 'ಬೀಗರೇ' ಮಾತ್ರ ಇದಕ್ಕೆ ಹೊರತು, ಅದನ್ನು ನಗುನಗುತ್ತ ಎದುರೆದುರೇ ಕರೆಯುತ್ತಾರೆ. ಪ್ರಾದೇಶಿಕ ಪದಗಳನ್ನು ಸಂಗ್ರಹಿಸುವವರು ಈ ವ್ಯತ್ಯಾಸವನ್ನು ಗಮನಿಸದೆ 'ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ?' ಎಂದಷ್ಟೇ ಕೇಳಿ ಒಂದು ಉತ್ತರ ಬರೆದುಕೊಂಡರೆ ಅರ್ಧ ಮಾಹಿತಿ ತಪ್ಪಿಹೋಗುತ್ತದೆ. ಕರೆಯುವುದು ಹೇಗೆ, ಇನ್ನೊಬ್ಬರಿಗೆ ಪರಿಚಯಿಸುವುದು ಹೇಗೆ ಎಂದು ಎರಡು ಸಲ ಕೇಳಬೇಕು. ಗಂಡ ಹೆಂಡಿರ ವಿಷಯದಲ್ಲಂತೂ ಎರಡೂ ಪೂರ್ತಿ ಬೇರೆ: ಪರಿಚಯಿಸುವಾಗ 'ನಮ್ಮ ಮನೆಯವರು', 'ನಮ್ಮ ಯಜಮಾನರು'; ಕರೆಯುವಾಗ 'ರೀ', 'ಏನೂಂದ್ರೆ', ಇಲ್ಲವೇ ಮಗುವಿನ ಹೆಸರು ಹಿಡಿದು ಅದರ ಅಪ್ಪ, ಅದರ ಅಮ್ಮ.

ಮನೆಯ ಹೊರಗೆ

ನೆಂಟಸ್ತನದ ಪದಗಳು ನೆಂಟರಲ್ಲದವರಿಗೂ ಸಲ್ಲುತ್ತವೆ. 'ಏನಪ್ಪಾ', 'ಹೋಗಮ್ಮ', 'ಬಾರವ್ವ' ಎಂಬಲ್ಲಿನ ಅಪ್ಪ, ಅಮ್ಮ, ಅವ್ವಗಳು ಹೆತ್ತವರನ್ನು ಸೂಚಿಸುವುದಿಲ್ಲ. ಮಾತಿಗೆ ಮೆದುತನ ತರುತ್ತವೆ, ಧ್ವನಿ ಬದಲಾದರೆ ಸಿಡುಕನ್ನೂ ತರುತ್ತವೆ. ಉತ್ತರ ಕರ್ನಾಟಕದಲ್ಲಿ ಅಜ್ಜಿ ಮೂರು ವರ್ಷದ ಮೊಮ್ಮಗಳನ್ನು 'ಯವ್ವಾ' ಎಂದೂ ಮೊಮ್ಮಗನನ್ನು 'ಯಪ್ಪಾ' ಎಂದೂ ಮುದ್ದಿನಿಂದ ಕರೆಯುತ್ತಾಳೆ. ಮಕ್ಕಳಿಗೆ ಅಜ್ಜ, ಅಜ್ಜಿಯರ ಹೆಸರಿಡುವ ರೂಢಿಯಿರುವ ಮನೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಸೇರಿಕೊಳ್ಳುತ್ತದೆ: ತನ್ನ ತಾಯಿಯ ಹೆಸರಿಟ್ಟುಕೊಂಡ ಮಗಳನ್ನು ತಂದೆ 'ನಮ್ಮವ್ವ' ಎನ್ನುವಾಗ ಅದು ಅರ್ಧ ತಮಾಷೆ, ಅರ್ಧ ನಿಜ.

ಹೆಸರುಗಳಲ್ಲಿಯೂ ಇವೇ ನಿಂತಿವೆ. ಬಸವಣ್ಣ, ಅಕ್ಕಮಹಾದೇವಿ, ಉಳ್ಳಾಲದ ಅಬ್ಬಕ್ಕ, ಕಿತ್ತೂರು ಚೆನ್ನಮ್ಮ ಇವರೆಲ್ಲರ ಹೆಸರಿನಲ್ಲಿ ಒಬ್ಬ ಅಣ್ಣನೋ ಅಕ್ಕನೋ ಅಮ್ಮನೋ ಇದ್ದಾರೆ. ಊರದೇವತೆ ಉತ್ತರದಲ್ಲಿ ದ್ಯಾಮವ್ವ, ದುರ್ಗವ್ವ, ದಕ್ಷಿಣದಲ್ಲಿ ಮಾರಮ್ಮ. ಹುಬ್ಬಳ್ಳಿ, ಕೊಪ್ಪಳಗಳ ಕಡೆ ಮಠದ ಸ್ವಾಮಿಗಳು ಭಕ್ತರಿಗೆ 'ಅಜ್ಜಾರು'. ಗವಿಸಿದ್ಧೇಶ್ವರನ ಜಾತ್ರೆಯನ್ನು ಜನ 'ಅಜ್ಜನ ಜಾತ್ರೆ' ಎನ್ನುತ್ತಾರೆ. ತುಳುನಾಡಿನಲ್ಲಿ ಕೊರಗಜ್ಜ ದೈವವೇ ಅಜ್ಜ. ಉತ್ತರದ ಶಾಲೆಗಳಲ್ಲಿ ಶಿಕ್ಷಕಿ 'ಅಕ್ಕೋರು'. ರಾಜ್‌ಕುಮಾರ್ ಇಡೀ ನಾಡಿಗೆ 'ಅಣ್ಣಾವ್ರು' ಆದದ್ದು ಈ ರೂಢಿಯ ಮುಂದುವರಿಕೆ. ವ್ಯಾಕರಣವೂ ಈ ಪದಗಳಿಗೆ ತುಸು ವಿಶೇಷ ಮರ್ಯಾದೆ ಕೊಟ್ಟಿದೆ: ಅಣ್ಣಂದಿರು, ತಾಯಂದಿರು, ಅಳಿಯಂದಿರು ಎಂಬಲ್ಲಿನ '-ಅಂದಿರು' ಎಂಬ ಬಹುವಚನ ಹೆಚ್ಚಾಗಿ ನೆಂಟರಿಗೇ ಮೀಸಲು.

ಅಂಕಲ್, ಆಂಟಿಗಳು ಬಂದಾಗಿನಿಂದ ಮನೆಯ ಹೊರಗಿನ ಈ ಜಾಗವನ್ನು ನಗರಗಳಲ್ಲಿ ಅವೇ ಆಕ್ರಮಿಸಿವೆ. ಅದರಿಂದ ದೊಡ್ಡ ನಷ್ಟವಿದೆ ಎಂದು ನನಗೆ ಅನ್ನಿಸುವುದಿಲ್ಲ. ಪಕ್ಕದ ಮನೆಯವರಿಗೆ ವರಸೆಯ ಲೆಕ್ಕ ಬೇಕಿಲ್ಲ. ಲೆಕ್ಕ ತಪ್ಪುವುದು ಮನೆಯ ಒಳಗೆ 'ಕಸಿನ್' ಬಂದಾಗ. ಚಿಕ್ಕಪ್ಪನ ಮಗನೂ ಸೋದರಮಾವನ ಮಗನೂ ಒಂದೇ ಪದದಲ್ಲಿ ಸೇರಿಹೋದಾಗ ಎರಡು ಸೂತ್ರಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಒಳಸಂಬಂಧದ ಮದುವೆಗೆ ಹಿಂಜರಿಯುವ ಕುಟುಂಬಗಳಿಗೆ ಆ ಗೆರೆಯ ಅಗತ್ಯವೇ ಬೀಳದ ಕಾರಣ, ಅಲ್ಲಿ ಸೋದರತ್ತೆಯ ಮಗನನ್ನೂ 'ಅಣ್ಣ' ಎಂದು ಕರೆಯುವುದು ಸಾಮಾನ್ಯವಾಗುತ್ತಿದೆ. ಹಳ್ಳಿಯಿಂದ ಬಂದ ಅಜ್ಜಿಗೆ ಇದು ಸಹಿಸದು, ಏಕೆಂದರೆ ಒಮ್ಮೆ ಅಣ್ಣ ಎಂದು ಕರೆದರೆ ಮದುವೆಯ ಬಾಗಿಲು ಮುಚ್ಚಿದಂತೆ.

ಇದಕ್ಕೆ ವಿರುದ್ಧವಾದ ಗೊಂದಲ ಕಚೇರಿಗಳಲ್ಲಿ ಕಾಣುತ್ತದೆ. ಪೌತಿ ಖಾತೆಗೆಂದು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು, ವಂಶವೃಕ್ಷ ಬರೆಸುವಾಗ 'ನಮ್ಮಣ್ಣ' ಎಂದು ಹೇಳಿದವನು ದೊಡ್ಡಪ್ಪನ ಮಗನಾಗಿದ್ದರೆ ಹಕ್ಕಿನ ಲೆಕ್ಕವೇ ಬದಲಾಗುತ್ತದೆ. ಆಗ 'ಒಡಹುಟ್ಟಿದ ಅಣ್ಣನೋ, ದೊಡ್ಡಪ್ಪನ ಮಗನೋ?' ಎಂಬ ಪ್ರಶ್ನೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಅದನ್ನೇ 'ಖಾಸ ಅಣ್ಣನ?' ಎಂದು ಕೇಳುತ್ತಾರೆ. ದಾಖಲೆಗೆ ಹೇಳುವಾಗ ವರಸೆಯ ಪದವನ್ನು ಬಿಟ್ಟು 'ತಂದೆಯ ಅಣ್ಣನ ಮಗ', 'ತಾಯಿಯ ತಂಗಿಯ ಮಗಳು' ಎಂದು ಕೊಂಡಿ ಕೊಂಡಿಯಾಗಿ ಹೇಳುವುದು ಕ್ಷೇಮ. ಹಾಗೆ ಹೇಳಿದರೆ ಕಾಕಾ ಎಂದವರಿಗೂ ಅಪ್ಪಚ್ಚಿ ಎಂದವರಿಗೂ ಒಂದೇ ಉತ್ತರ ಸಿಗುತ್ತದೆ.